ಉದ್ಘಾಟನೆಯ ಚೆಂಡನ್ನು ತಡೆದವಳ ಬಗ್ಗೆ

ಮಾನ್ಯ ದೈಹಿಕ ಶಿಕ್ಷಣ ನಿರ್ದೇಶಕರೇ,

ನನ್ನ ಮಗಳು ಶಮ್ನಾಳನ್ನು ತಾವು ವಿಶ್ವವಿದ್ಯಾನಿಲಯದ ಮಹಿಳಾ ಹಾಕಿ ತಂಡದಿಂದ ಕೈಬಿಟ್ಟಿದ್ದೀರಿ. ಅವಳು ಗೋಲ್‌ಕೀಪರ್. ಗೋಲಿನತ್ತ ಬಂದ ಚೆಂಡನ್ನು ತಡೆದಳೆಂಬುದು ಅವಳ ಮೇಲಿನ ಆರೋಪ. ಆರೋಪ ನಿಜ. ಗ್ಯಾಲರಿಯಲ್ಲಿ ಕುಳಿತು ನಾನೇ ಕಣ್ಣಾರೆ ಕಂಡಿದ್ದೇನೆ.

ಉಡುಪಿಯಲ್ಲಿ ನಡೆದ ಅಂತರ ಕಾಲೇಜು ಚಾಂಪಿಯನ್‌ಶಿಪ್‌ನ ಫೈನಲ್ ದಿನ ಅದು. ಆಟಕ್ಕೆ ಮೊದಲು ಅತಿಥಿಗಳು ಒಂದು ಚೆಂಡು ಹೊಡೆಯುವುದು, ಗೋಲ್‌ಕೀಪರ್ ಬೇರೆ ಕಡೆಗೆ ಹಾರಿ ಅದನ್ನು ಒಳಗೆ ಬಿಡುವುದು, ಎಲ್ಲರೂ ಚಪ್ಪಾಳೆ ತಟ್ಟುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಪ್ಯಾಡು, ಹೆಲ್ಮೆಟ್ ತೊಟ್ಟು ಉರಿಬಿಸಿಲಿನಲ್ಲಿ ನಿಂತ ಶಮ್ನಾ ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಕ್ರೀಡೆಯಲ್ಲಿ ಮಹಿಳೆಯರನ್ನು ಪ್ರೋತ್ಸಾಹಿಸಬೇಕೆಂಬ ತಮ್ಮ ಭಾಷಣ, ಎಲ್ಲವನ್ನೂ ಕೇಳಿದಳು. ಕೊನೆಗೆ ಅತಿಥಿಗಳು ಶಂಕರಪುರ ಮಲ್ಲಿಗೆಯ ಹಾರ ಸಮೇತ ಮೈದಾನಕ್ಕಿಳಿದು ಚೆಂಡು ಹೊಡೆದರು. ಅವಳ ಕಾಲು ಚಾಚಿಕೊಂಡಿತು. ಚೆಂಡು ಅವರ ಬೂಟಿನ ಬಳಿಗೇ ಮರಳಿತು.

ತಾವು ಮೈಕಿನಲ್ಲೇ ಕೇಳಿದಿರಿ, "ಎಂತಮ್ಮ ಇದು? ಅತಿಥಿಗಳ ಚೆಂಡನ್ನು ಯಾರಾದರೂ ತಡೆಯುವುದುಂಟಾ?"

ಎದುರಾಳಿಯಾದ ಕಾರ್ಕಳದ ತಂಡದ ನಾಯಕಿ ಮೋಕ್ಷಾ ಅಲ್ಲಿಂದಲೇ ಕೂಗಿದಳು, "ಸರ್, ಅವಳಿಗೆ ಅಲ್ಲಿ ಬೇರೆ ಎಂತ ಕೆಲಸ ಉಂಟು?"

ಬಳಿಕ ಶಮ್ನಾಳನ್ನು ಬದಿಗೆ ನಿಲ್ಲಿಸಿ ಅತಿಥಿಗಳಿಗೆ ಖಾಲಿ ಗೋಲನ್ನು ಒದಗಿಸಲಾಯಿತು. ಚೆಂಡು ಕಂಬದ ಹೊರಗೆ ಹೋಯಿತು. ಇದಕ್ಕಾಗಿ ತಾವು ಯಾರನ್ನು ಕೈಬಿಟ್ಟಿರೋ ತಿಳಿಯದು. ಆಮೇಲೆ ನಡೆದ ಫೈನಲ್‌ನಲ್ಲಿ ಅವಳು ಒಂದೂ ಗೋಲು ಬಿಡದೆ ತನ್ನ ಕಾಲೇಜನ್ನು ಗೆಲ್ಲಿಸಿದಳು. ಇದೂ ಅಶಿಸ್ತಿನ ಮುಂದುವರಿಕೆಯೇ?

ಕಾಪುವಿನಲ್ಲಿ ನಮಗೊಂದು ಹಣ್ಣಿನ ಅಂಗಡಿ ಇದೆ. ರಾಶಿಯಿಂದ ಕಿತ್ತಳೆಯೊಂದು ಜಾರಿದರೆ ಶಮ್ನಾ ಗಿರಾಕಿಯ ಜೊತೆ ಮಾತು ನಿಲ್ಲಿಸದೆಯೇ ಅದನ್ನು ಕಾಲಿನಲ್ಲಿ ತಡೆಯುತ್ತಾಳೆ. ಚಿಕ್ಕಂದಿನಿಂದಲೂ ಹಾಗೆಯೇ. ತಮ್ಮ ತೀರ್ಮಾನ ಬಂದ ದಿನ ಅವಳು ಪ್ಯಾಡುಗಳನ್ನು ಅಟ್ಟಕ್ಕೆ ಹಾಕಿ ಬಂದು, "ಉಮ್ಮಾ, ಬಿಡಬೇಕಂತ ನನಗೂ ಗೊತ್ತಿತ್ತು. ಚೆಂಡು ಬರುವಾಗ ಮರೆತೇಹೋಯಿತು" ಎಂದಳು. ಅವಳದು ಪದವಿಯ ಕೊನೆಯ ವರ್ಷ. ವಿಶ್ವವಿದ್ಯಾನಿಲಯದ ಜೆರ್ಸಿ ತೊಡಲು ಇನ್ನೊಂದು ಅವಕಾಶವಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ಅದನ್ನು ಗೌರವಪೂರ್ವಕವಾಗಿ ಹೇಳುವ ಕ್ರಮ ನನಗೆ ಗೊತ್ತಿಲ್ಲ.

ಸೋಮವಾರ ತಂಡ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ಹೊರಡುವ ಮೊದಲು ಅವಳನ್ನು ಮರಳಿ ಸೇರಿಸಿಕೊಳ್ಳಿ. ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಕ್ಷಮೆ ಕೇಳಿ ಬರೆದುಕೊಟ್ಟರೆ ಪರಿಶೀಲಿಸುವುದಾಗಿ ತಾವು ಹೇಳಿದ್ದೀರಂತೆ. ಚೆಂಡು ತಡೆಯುವುದಿಲ್ಲವೆಂದು ಬರೆದುಕೊಟ್ಟವಳನ್ನು ತಾವು ಯಾವ ಗೋಲಿನ ಮುಂದೆ ನಿಲ್ಲಿಸುತ್ತೀರಿ?

ಇಂತಿ,
ಮಗಳಿಗೆ ಚೆಂಡು ಬಿಡುವುದನ್ನು ಕಲಿಸದೆ ಬೆಳೆಸಿದ
ಶಮೀಮಾ, ಕಾಪು