ಶುಕ್ರವಾರ ಬಿಟ್ಟು ದಿನಾಲೂ

ಅಪ್ಪಾ,

ಬುತ್ತಿ ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಕಾಗದ ಕಂಡು ಅವ್ವನ ಮೇಲೆ ರೇಗಬೇಡಿ. ಇಟ್ಟವನು ನಾನು. ಒಂದೇ ಮನೆಯಲ್ಲಿದ್ದು ಪತ್ರ ಬರೆಯುವುದು ನನಗೂ ವಿಚಿತ್ರವೆನಿಸುತ್ತದೆ. ಆದರೆ ಎರಡು ವರ್ಷದಿಂದ ನಿಮ್ಮ ಮಾತೆಲ್ಲ ನನಗೆ ಅವ್ವನ ಬಾಯಿಂದಲೇ ಬರುತ್ತಿದೆ. "ಅವಗ ಊಟಕ್ಕ ಬಾ ಅನ್ನು." "ಅವಗ ಕೂದಲಾ ಕತ್ತರಿಸ್ಕೋ ಅನ್ನು." ಆಯುಧ ಪೂಜೆಗೆ ಕಾರ್ಖಾನೆಯೊಳಗೆ ಬರುವ ಮನೆಯವರ ಹೆಸರು ಬರೆದು ನೀವು ಫಾರ್ಮು ಕೊಡಬೇಕಾದದ್ದು ಇವತ್ತು ಸಂಜೆ. ಅದಕ್ಕೇ ಈ ಅವಸರ.

ನಿಮ್ಮ ಕಾರ್ಖಾನೆ ಗೇಟಿನ ಹೊಸ ಬೋರ್ಡು ನಿನ್ನೆ ನೋಡಿರುತ್ತೀರಿ. ಬರೆದದ್ದು ನಾನು. ಆರ್ಡರ್ ಬಂದದ್ದು ನಾನು ಕೆಲಸ ಕಲಿಯುವ ಸುಲ್ತಾನ್ ಬಜಾರಿನ ಪೇಂಟರ್ ಮಲ್ಲಣ್ಣನಿಗೆ. ಅವನಿಗೀಗ ಏಣಿ ಹತ್ತಲು ಆಗುವುದಿಲ್ಲ. ಡ್ಯೂಟಿಯ ಮೇಲೆ ಬಂದವರ ಹೊರತು ಯಾರಿಗೂ ಪ್ರವೇಶವಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ನಡುವೆ ಬರುವ 'ಎಕ್ಸೆಪ್ಟ್', ಅಂದರೆ ನಮ್ಮ 'ಬಿಟ್ಟು', ಎಂಬ ಪದ ನನ್ನ ತಲೆ ಹೊಕ್ಕು ಕೂತಿತು.

ಅದನ್ನು ನಾನು ಮೊದಲು ಬರೆದದ್ದು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ, ಒಂದು ರೈಲಿನ ಹೆಸರಿನ ಮುಂದೆ: ಶುಕ್ರವಾರ ಬಿಟ್ಟು ದಿನಾಲೂ. ಬರೆದು ಕೆಳಗಿಳಿದು ನೋಡಿದೆ. ರೈಲು ಓಡುವ ಆರು ದಿನಗಳ ಹೆಸರು ಬೋರ್ಡಿನ ಮೇಲೆ ಇಲ್ಲವೇ ಇಲ್ಲ. ಓಡದ ಶುಕ್ರವಾರದ ಹೆಸರಷ್ಟೇ ಇದೆ! ಮಲ್ಲಣ್ಣನಿಗೆ ಹೇಳಿದರೆ, "ನಿನ್ನ ತಲಿಯಾಗ ಏನರ ಐತೇನಲೇ? ಬ್ರಷ್ ತೊಳಿ" ಅಂದ. ನಿಮ್ಮ ಬೋರ್ಡಿನಲ್ಲಿ ಅದೇ ಪದ ಉಲ್ಟಾ ಕೆಲಸ ಮಾಡುತ್ತದೆ. ಎಲ್ಲರಿಗೂ ಬಾಗಿಲು ಹಾಕಿ ಕೆಲವರನ್ನು ಒಳಗೆ ಬಿಡುತ್ತದೆ. ಕುತೂಹಲ ತಡೆಯದೆ ಫುಟ್‌ಪಾತಿನಲ್ಲಿ ಒಂದು ಹರಕು ಡಿಕ್ಷನರಿ ಕೊಂಡೆ. ಆ ಪದದ ಬೇರು 'ಹೊರಗೆ ತೆಗೆಯುವುದು' ಎಂದಿತ್ತು. ಹೊರಗೆ ತೆಗೆಯಬೇಕಾದರೆ ಮೊದಲು ಒಳಗಿರಬೇಕಲ್ಲ ಅಪ್ಪಾ?

ಶಾಲೆಯಲ್ಲಿ ಇಂಥದ್ದನ್ನು ಯಾರಾದರೂ ಹೇಳಿದ್ದರೆ ಓದು ಬಿಡುತ್ತಿರಲಿಲ್ಲವೇನೋ. ಇಲ್ಲ, ಸುಳ್ಳು. ಆಗಲೂ ಬಿಡುತ್ತಿದ್ದೆ. ನಾನು ಫೇಲಾದವನಲ್ಲ, ಪರೀಕ್ಷೆಗೆ ಕೂತೇ ಇರಲಿಲ್ಲ. ಆ ದಿನ ನಾರಾಯಣಗೂಡದಲ್ಲಿ ಸಿನಿಮಾ ಬ್ಯಾನರು ಬರೆಯುವವರನ್ನು ನೋಡುತ್ತ ನಿಂತಿದ್ದೆ. ಅವ್ವ "ಜ್ವರ ಬಂದಿತ್ತು ಅನ್ನು" ಎಂದು ಗೋಗರೆದಳು. ನಾನು ಮನೆಗೆ ಬಂದಿದ್ದ ಗುರುಸಿದ್ದಪ್ಪ ಕಾಕಾನ ಎದುರಿಗೇ, "ನನಗ ಓದೂ ಮನಸಿಲ್ಲ" ಅಂದುಬಿಟ್ಟೆ. ಶಾಲೆ ಬಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕಾಕಾನ ಎದುರು ನಿಮ್ಮ ತಲೆ ತಗ್ಗಿಸಿದ್ದಕ್ಕೆ ಇದೆ.

ಆ ವರ್ಷ ಆಯುಧ ಪೂಜೆಯ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಾನೂ ಹೊಸ್ತಿಲಿಗೆ ಬಂದಿದ್ದೆ. "ಎಲ್ಲಾರೂ ನಡೀರಿ, ಶಿವಶರಣಪ್ಪನ್ನ ಬಿಟ್ಟು" ಎಂದಿರಿ. ಚಿಕ್ಕಂದಿನಿಂದ ನಿಮ್ಮ ಲೇತ್ ಮಷೀನಿಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದವನು ನಾನು. ಅವತ್ತು ಉಷಾ ಹಾಕಿದಳು. ಸಂಜೆ ನನ್ನ ಪಾಲಿನ ಪೇಡೆ ತಂದುಕೊಟ್ಟು, "ನಿಲುಕಲಿಲ್ಲೋ ಅಣ್ಣಾ, ಅಪ್ಪ ಎತ್ಕೊಂಡ್ರು" ಅಂದಳು.

ಈಗ ಮುಖ್ಯ ವಿಷಯ. ಮೊನ್ನೆ ಬೋರ್ಡು ಬರೆಯುವಾಗ ಬಣ್ಣ ನೆಲಕ್ಕೆ ತೊಟ್ಟಿಕ್ಕಬಾರದೆಂದು ಗೇಟಿನ ಗುಮಾಸ್ತ ಹನುಮಂತರಾಯರು ಹಳೆಯ ಕಾಗದ ತಂದು ಏಣಿಯ ಕೆಳಗೆ ಹಾಸಿದರು. "ಅಪ್ಪ ಒಳಗ, ಮಗ ಏಣಿ ಮ್ಯಾಲ! ಭಾಳ ಛಲೋ ಆತು" ಎಂದು ನಕ್ಕರು. ಕೆಳಗಿಳಿದಾಗ ಕಾಲಬಳಿ ನಿಮ್ಮ ಅಕ್ಷರ ಕಂಡಿತು. ಆ ವರ್ಷದ ಫಾರ್ಮು. ಗುರುಬಾಯಿ, ಶಿವಶರಣಪ್ಪ, ಉಷಾ. ನಡುವಿನ ಹೆಸರಿನ ಮೇಲೆ ಒಂದು ಗೀಟು. ಹನುಮಂತರಾಯರನ್ನು ಕಾಡಿ ಹೋದ ವರ್ಷದ್ದನ್ನೂ ತೆಗೆಸಿದೆ. ಅದರಲ್ಲೂ ಅಷ್ಟೇ, ಬರೆದು ಗೀಟು ಹೊಡೆದಿದ್ದೀರಿ. ಒಂದು ಸಲವಾದರೆ ಮರೆತು ಬರೆದಿರಿ ಅನ್ನಬಹುದಿತ್ತು.

ಹಾಗಾಗಿ ನನ್ನ ಹೆಸರು ಬರೆಯಿರಿ ಎಂದು ಕೇಳುತ್ತಿಲ್ಲ. ಅದು ನಿಮ್ಮ ಕೈಗೆ ತಾನೇ ಬರುತ್ತದೆ. ಬರೆದ ಮೇಲೆ ಈ ಸಲ ಪೆನ್ನಿಗೆ ಟೊಪ್ಪಿಗೆ ಹಾಕಿಬಿಡಿ, ಅಷ್ಟೇ.

ಗೀಟು ಹೊಡೆದರೂ ಮಾಲೆ ನಾನೇ ಕಟ್ಟಿ ಕಳಿಸುತ್ತೇನೆ. ನಿಮ್ಮ ಮಷೀನು ತಂಟೆಯಿಲ್ಲದೆ ತಿರುಗುತ್ತಿರಲಿ, ನಿಮ್ಮ ಹತ್ತು ಬೆರಳೂ ಕ್ಷೇಮವಾಗಿರಲಿ.

ಫಾರ್ಮಿನ ಎರಡನೆಯ ಸಾಲಿನ ನಿಮ್ಮ ಮಗ,
ಶಿವಶರಣಪ್ಪ