ದಾರ ಕಟ್ಟಿದ ಹೀರೆ

ಲಾಯ್ಡ್,

ನನಗೆ ಮಾರ್ನಿಂಗ್ ಡ್ಯೂಟಿ, ಮೂರು ಗಂಟೆಗೆ ಬರ್ತೇನೆ. ಹರಿವೆ, ಬೆಂಡೆ, ಅಲಸಂಡೆ ಎಲ್ಲ ಹೆಚ್ಚಿಟ್ಟಿದ್ದೇನೆ. ತೆಂಗಿನಕಾಯಿ ನೀನು ತುರಿ.

ತೆನೆಹಬ್ಬದ ಊಟಕ್ಕೆ ತರಕಾರಿ ಪದಾರ್ಥ ಬೆಸ ಸಂಖ್ಯೆಯಲ್ಲಿರ್ಬೇಕು, ಆರೇ ಆಯ್ತು ಅಂತ ಟೆರೇಸಿನ ಆ ಹೀರೆಯನ್ನೂ ಕೊಯ್ದಿದ್ದೀಯಲ್ಲ ಮಾರಾಯ! ಕೆಂಪು ದಾರ ಕಾಣ್ಲಿಲ್ವಾ? ಆಸ್ಪತ್ರೆಗೆ ಹೊರಟ ದಿನ ಮಮ್ಮಿ ಬೀಜಕ್ಕೆ ಅಂತ ಕಟ್ಟಿದ್ದು. ಆಮೇಲೆ ಅವರು ಮನೆಗೆ ಬರ್ಲೇ ಇಲ್ಲ.

ಇನ್ನು ಬೈದು ಎಂತ ಪ್ರಯೋಜನ. ಅದನ್ನು ಬೇಯಿಸ್ಬೇಡ, ಒಲೆಯ ಮೇಲುಗಡೆ ತೂಗುಹಾಕು. ಬಲಿತದ್ದೇ ಉಂಟು, ಒಣಗಿದ್ರೆ ನಾಲ್ಕು ಬೀಜವಾದ್ರೂ ಸಿಗ್ಬಹುದು. ಸೌತೆಯನ್ನೂ ಬಿಡು, ಐದು ಬಗೆ ಧಾರಾಳ ಸಾಕು. ಈ ಸಲ ಊಟಕ್ಕೆ ನಾವಿಬ್ಬರೇ ಅಲ್ವಾ. ಹಸಿವಾದ್ರೂ ನಾನು ಬರುವವರೆಗೆ ಕಾದಿರು, ಇವತ್ತು ಒಬ್ಬಳೇ ಕೂತು ಉಣ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ.

ದಾರ ಮಾತ್ರ ಬಿಚ್ಚಬೇಡ. ಆ ಗಂಟು ಮಮ್ಮಿ ಹಾಕಿದ್ದು.

ಶರಲ್