ನನ್ನ ಮೈ, ನಿನ್ನ ಹರಕೆ

ಅಪ್ಪ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಸಿಟ್ಟು. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಇಟ್ಟುಬಿಡುತ್ತೀ. ಅದಕ್ಕೇ ದುರ್ಗದ ಚಂದ್ರತ್ತೆಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಗಂಟಲು ಊದಿ ಜ್ವರ ಬಂದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟವನು ನೀನೇ. ಅದನ್ನು ನುಂಗಿದ ಮೇಲೆ ಮೈಯೆಲ್ಲ ಕೆಂಪು ಗುಳ್ಳೆ ಎದ್ದಿತು. ಅಜ್ಜಿ ನೋಡಿದವಳೇ "ಅಮ್ಮ ಬಂದೈತೆ" ಅಂದಳು, ಮುಗಿಯಿತು. ಜ್ವರ ಇಳಿಯಲಿಲ್ಲವೆಂದು ಹೋದಾಗ ಹಿರಿಯೂರಿನ ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬಿನಲ್ಲಿ ತೋಳಿಗೆ ಪಟ್ಟಿ ಕಟ್ಟಿದ ಮೇಲೂ ನೀನು ಬಿಚ್ಚಿಸಿದೆ. "ಅಮ್ಮ ಬಂದಿರೋ ಮೈಗೆ ಸೂಜಿ ಚುಚ್ಚಂಗಿಲ್ಲ ಕಣ್ರಿ. ಏಳವ್ವ, ಹೋಗಾಣ." ಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದಿರಿ. ಎಂಜಲು ನುಂಗಲೂ ಆಗದೆ ನಾನು ಅಳುತ್ತಿದ್ದರೆ ನೀನು ಕೈಮುಗಿದು ನಿಂತಿದ್ದೆ. ನಿನ್ನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅತ್ತೆ ನಮ್ಮ ಬಬ್ಬೂರಿಗೆ ಬಂದು ನಿನ್ನೊಡನೆ ಜಗಳವಾಡಿ ನನ್ನನ್ನು ಕರೆದುಕೊಂಡು ಬಂದಳು. ಇಲ್ಲಿ ಪರೀಕ್ಷೆಗೆ ರಕ್ತ ಕೊಟ್ಟೆ. ಬಿಳಿ ಕಣಗಳ ರೂಪವೇ ಬದಲಾಗಿದೆ ಎಂದರು, ಇನ್ನೊಂದು ಪರೀಕ್ಷೆ ಮಾಡಿ ಇದು ಮೊನೊ ಎಂಬ ಸೋಂಕು ಎಂದರು. ಈ ಸೋಂಕಿದ್ದಾಗ ಆ ಮಾತ್ರೆ ನುಂಗಿದರೆ ಗುಳ್ಳೆ ಏಳುವುದುಂಟಂತೆ. ಇದಕ್ಕೆಂದೇ ಔಷಧಿಯಿಲ್ಲ, ವಿಶ್ರಾಂತಿ ಬೇಕು ಎಂದು ನಿನಗೆ ಫೋನಿನಲ್ಲಿ ತಿಳಿಸಿದರೆ ನೀನು ನಕ್ಕೆ. "ಔಷಧಿ ಇಲ್ಲ ಅಂದ್ಮೇಲೆ ಅಮ್ಮನೇ ಅಲ್ವೇನೆ? ಹರಕೆ ಹೊತ್ತೀನಿ, ಶುಕ್ರವಾರ ಬಂದು ಉರುಳು ಸೇವೆ ಮಾಡು."

ಎಡಪಕ್ಕೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಊದಿದೆ, ಪೆಟ್ಟು ಬಿದ್ದರೆ ಒಡೆದು ಜೀವಕ್ಕೇ ಅಪಾಯ ಎಂದು ನಾನು ಹೇಳುವಷ್ಟರಲ್ಲಿ ನೀನು ಫೋನ್ ಇಟ್ಟಿದ್ದೆ. ಗುಡಿಯ ಸುತ್ತ ಆ ಚಪ್ಪಡಿಯ ಮೇಲೆ ಉರುಳಿದ್ದರೆ ನಾನು ಎದ್ದು ಬರುತ್ತಿದ್ದೆನೋ ಇಲ್ಲವೋ. ಅದಕ್ಕೇ ಬರಲಿಲ್ಲ.

ನಿನ್ನೆ ಅಜ್ಜಿ ಹೇಳಿದಳು, ನನ್ನ ಬದಲು ನೀನೇ ಉರುಳಿದೆಯಂತೆ, ಬೆನ್ನೆಲ್ಲ ತರಚಿದೆಯಂತೆ. ಅಳು ಬಂತು. ಅದರ ಹಿಂದೆಯೇ ಇನ್ನಷ್ಟು ಸಿಟ್ಟು ಬಂತು. ನನಗಾಗಿ ಬೆನ್ನು ಕೊಟ್ಟವನಿಗೆ ಒಂದಿಷ್ಟು ಹೊತ್ತು ಕಿವಿ ಕೊಡುವುದು ಅಷ್ಟು ಕಷ್ಟವಾಯಿತೇ? ನಿನ್ನ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ ಅಪ್ಪ. ಆ ಪ್ರೀತಿಯಿಂದಲೇ ನಾನು ಸಾಯುತ್ತಿದ್ದೆ. ಇನ್ನು ನನ್ನ ಮೈಗೆ ಹರಕೆ ಹೊರುವ ಮೊದಲು ನನ್ನನ್ನು ಕೇಳು.

ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಸಿಕೋ. ಆ ತಾಯಿ ನಿನ್ನನ್ನು ಚೆನ್ನಾಗಿಟ್ಟಿರಲಿ. ನನ್ನನ್ನು ನಾನೇ ನೋಡಿಕೊಳ್ಳುತ್ತೇನೆ.

ನಿನ್ನ ಮಗಳು,
ಭಾಗ್ಯ